ಗಲ್ಲಿಯನ್ನು ಬಲ್ಲವರು: ಭಿವಂಡಿ ಕಲಿಸಿದ ಪಾಠ, ಡೊಂಬಿವಲಿ ಕೇಳುವ ಪ್ರಶ್ನೆ

ಥಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಅತ್ತ ಐರೋಲಿಯಿಂದ ಬೇಲಾಪುರದವರೆಗೆ ಹಬ್ಬಿರುವ ಈ ಪ್ರದೇಶದಲ್ಲಿ ನಮ್ಮ ಕನ್ನಡಿಗರು ಬಂದು ನೆಲೆಸಿ ಎರಡು ಮೂರು ತಲೆಮಾರುಗಳೇ ಸಂದುವು. ಕೋಟೆ ಪ್ರದೇಶದಲ್ಲಿ ನೌಕರಿ, ಡೊಂಬಿವಲಿಯಲ್ಲಿ ಮನೆ, ನಡುವೆ ಲೋಕಲ್ ಗಾಡಿ. ನಮ್ಮಲ್ಲಿ ಬಹುಮಂದಿಯ ಬಾಳು ನಡೆದದ್ದು ಹೀಗೆಯೇ. ಯಾವ ಗಾಡಿ ಫಾಸ್ಟ್, ಯಾವುದು ಸ್ಲೋ, ಯಾವ ಡಬ್ಬಿಯಲ್ಲಿ ನಿಂತರೆ ಸೇತುವೆಯ ಮೆಟ್ಟಿಲು ಹತ್ತಿರ ಎಂಬುದು ನಮ್ಮ ಮಕ್ಕಳಿಗೂ ಬಾಯಿಪಾಠ. ಆದರೆ ಮನೆಯ ಹಿಂದಿನ ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆ? ಮಳೆಗಾಲದಲ್ಲಿ ನೀರು ಮೊದಲು ನುಗ್ಗುವುದು ಯಾವ ಗಲ್ಲಿಗೆ? ಎದುರಿನ ಚಾಳಿನಲ್ಲಿ ಹಾಸಿಗೆ ಹಿಡಿದ ವೃದ್ಧರು ಎಷ್ಟು ಮಂದಿ? ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ವಿರಳ.

ನಮಗೇ ತಿಳಿಯದ ಈ ಸಂಗತಿಗಳು ಅಗ್ನಿಶಾಮಕ ದಳದವರಿಗೆ ಹೇಗೆ ತಿಳಿಯಬೇಕು? ಪೋಲೀಸರಿಗೆ, ಅಂಬ್ಯುಲೆನ್ಸಿನವರಿಗೆ ಹೇಗೆ ತಿಳಿಯಬೇಕು? ಅವರಲ್ಲಿ ಗಾಡಿ ಉಂಟು, ಏಣಿ ಉಂಟು, ಧೈರ್ಯವೂ ಉಂಟು. ಇಲ್ಲದಿರುವುದು ಗಲ್ಲಿಯ ಜ್ಞಾನ. ಅದು ಗಲ್ಲಿಯಲ್ಲಿ ವಾಸಿಸುವವರ ಬಳಿ ಮಾತ್ರ ಇರುತ್ತದೆ. ಈ ಎರಡನ್ನೂ ಒಂದೇ ಕಡೆ ಕೂಡಿಸುವ ಪ್ರಯತ್ನಗಳಿಗೆ ನಮ್ಮ ಈ ಪ್ರದೇಶದಲ್ಲಿಯೇ ಒಂದು ಇತಿಹಾಸವಿದೆ. ಅದನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹಾರದಿದ್ದ ಕೆಂಪು ಬಾವುಟ

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಹತ್ತಿತು. ಅದರ ಒಡಲಲ್ಲಿ ಅರಳೆಯ ಅಂಡಿಗೆಗಳೂ ಅವುಗಳ ಸಮೀಪದಲ್ಲಿಯೇ ಸುಮಾರು 1,400 ಟನ್ ಸ್ಫೋಟಕಗಳೂ ಇದ್ದುವು. ಅಪಾಯದ ಸರಕಿನ ಗುರುತಾದ ಕೆಂಪು ಬಾವುಟ ಆ ಹಡಗಿನ ಮೇಲೆ ಹಾರುತ್ತಿರಲಿಲ್ಲ. ಬೆಂಕಿ ನಂದಿಸಲು ಧಾವಿಸಿದವರು ಹಡಗಿನ ಮೇಲೆ ನೀರು ಹಾಯಿಸುತ್ತಿದ್ದಂತೆಯೇ ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಅದು ಸಿಡಿಯಿತು. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಅಗ್ನಿಶಾಮಕ ದಳದವರು. ಇಂದಿಗೂ ಏಪ್ರಿಲ್ 14ನ್ನು ದೇಶವಿಡೀ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುವುದು ಅವರ ನೆನಪಿಗಾಗಿ. ಬೆಂಕಿಯ ಎದುರು ನಿಲ್ಲುವವನಿಗೆ ಒಳಗೇನಿದೆ ಎಂಬುದು ಮೊದಲೇ ತಿಳಿದಿರಬೇಕು ಎಂಬ ಪಾಠವನ್ನು ಈ ನಗರ ಅಷ್ಟು ದೊಡ್ಡ ಬೆಲೆ ತೆತ್ತು ಕಲಿಯಿತು.

ಅದೇ ಯುದ್ಧಕಾಲದಲ್ಲಿ ವಾರ್ಡನ್ ಪದ್ಧತಿಯೂ ನಮ್ಮ ನಗರಗಳಿಗೆ ಪರಿಚಯವಾಯಿತು. ವಾರ್ಡನ್ ಎಂದರೆ ಸರಕಾರಿ ನೌಕರನಲ್ಲ, ಅದೇ ಬೀದಿಯ ನಿವಾಸಿ. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆ ಕಣ್ಣು ಕಾಣದು, ಎಲ್ಲಿ ಬಾವಿ, ಎಲ್ಲಿ ಹಿಂಬಾಗಿಲು ಎಂಬುದನ್ನು ಅರಿತು ರಕ್ಷಣಾ ತಂಡಕ್ಕೆ ದಾರಿ ತೋರುವುದು ಅವನ ಕೆಲಸ. 1968ರ ನಾಗರಿಕ ರಕ್ಷಣಾ ಕಾಯಿದೆಯು ಇಂತಹ ಸ್ವಯಂಸೇವಕರ ಸಂಘಟನೆಗೆ ಕಾನೂನಿನ ಆಧಾರ ಒದಗಿಸಿತು. ಆದರೆ ಆ ವ್ಯವಸ್ಥೆ ಯುದ್ಧಕ್ಕಾಗಿ ಹುಟ್ಟಿದ್ದು. 1965ರಲ್ಲಿಯೂ 1971ರಲ್ಲಿಯೂ ದೀಪ ಆರಿಸಿ ಕುಳಿತ ದಿನಗಳು ಮುಗಿದ ಮೇಲೆ ಜನ ಅದನ್ನು ಬಹುಮಟ್ಟಿಗೆ ಮರೆತರು. ಶಾಂತಿಯ ದಿನಗಳಲ್ಲಿ ಬರುವ ಆಪತ್ತುಗಳಿಗೆ ಬೇರೆ ದಾರಿ ಹುಡುಕಬೇಕಾಯಿತು. ಆ ದಾರಿ ಕಂಡದ್ದು ಭಿವಂಡಿಯಲ್ಲಿ.

ಎರಡು ಸಲ ಸುಟ್ಟ ಊರು

ಕಲ್ಯಾಣದ ಖಾಡಿಯಾಚೆ ಇರುವ ಭಿವಂಡಿ ಮಗ್ಗಗಳ ಊರು. ಉತ್ತರ ಪ್ರದೇಶದಿಂದ ಬಂದ ಮುಸಲ್ಮಾನ ನೇಕಾರರು, ತೆಲಂಗಾಣದಿಂದ ಬಂದ ಪದ್ಮಶಾಲಿಗಳು, ಸ್ಥಳೀಯ ಮರಾಠಿಗರು, ವ್ಯಾಪಾರಕ್ಕೆ ಬಂದ ಗುಜರಾತಿ ಮಾರವಾಡಿಗಳು, ಹೀಗೆ ನಮ್ಮ ಹಾಗೆಯೇ ಹೊಟ್ಟೆಪಾಡಿಗಾಗಿ ಬಂದವರಿಂದ ತುಂಬಿದ ಊರು.

1970ರ ಮೇ 7ರಂದು ಶಿವಜಯಂತಿಯ ಮೆರವಣಿಗೆಯ ಸಂದರ್ಭದಲ್ಲಿ ಅಲ್ಲಿ ದಂಗೆ ಎದ್ದಿತು. ಅದು ಜಳಗಾಂವಕ್ಕೂ ಹಬ್ಬಿ, ಎರಡೂ ಊರುಗಳಲ್ಲಿ ಸೇರಿ ನೂರಕ್ಕೂ ಹೆಚ್ಚು ಜನ ಬಲಿಯಾದರು. ಇದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡಿ. ಪಿ. ಮಾದನ್ ಆಯೋಗವು ಪೋಲೀಸರ ಪಕ್ಷಪಾತವನ್ನು ಕಟುವಾದ ಮಾತುಗಳಲ್ಲಿ ಟೀಕಿಸಿತು. ಹದಿನಾಲ್ಕು ವರ್ಷಗಳ ಬಳಿಕ, 1984ರ ಮೇ ತಿಂಗಳಲ್ಲಿ, ಮತ್ತೆ ಬೆಂಕಿ. ಈ ಸಲ ಅದು ಭಿವಂಡಿಯಲ್ಲಿ ನಿಲ್ಲದೆ ಥಾಣೆ, ಮುಂಬಯಿಗಳಿಗೂ ಹರಡಿತು. ಇನ್ನೂರಕ್ಕೂ ಹೆಚ್ಚು ಜೀವಗಳು ಹೋದುವು. ಸೈನ್ಯವನ್ನು ಕರೆಸಬೇಕಾಯಿತು.

ಆ ಕಾಲದಲ್ಲಿ ಶಾಂತಿ ಸಮಿತಿಗಳು ಇರಲಿಲ್ಲವೆಂದಲ್ಲ. ಗಲಭೆಯ ವಾಸನೆ ಬಂದಾಗ ಠಾಣೆಗೆ ಊರಿನ ನಾಲ್ಕು ಮಂದಿ ಮುಖಂಡರನ್ನು ಕರೆಯುವುದು, ಚಹಾ ಕುಡಿಸುವುದು, ಒಂದು ಮನವಿ ಹೊರಡಿಸುವುದು ಎಲ್ಲ ಕಡೆಯೂ ರೂಢಿಯಲ್ಲಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಇದಕ್ಕೇ ಒಪ್ಪುತ್ತದೆ. ಅಲ್ಲದೆ, ಮುಖಂಡರಿಗೆ ಸಭೆಯಲ್ಲಿ ಮಾತಾಡಲು ಬರುತ್ತದೆ. ಯಾವ ಗಲ್ಲಿಯಲ್ಲಿ ಕಲ್ಲು ಶೇಖರವಾಗಿದೆ, ಯಾವ ನಲ್ಲಿಯ ಬಳಿ ನಿನ್ನೆ ಜಗಳವಾಯಿತು ಎಂಬುದು ಅವರಿಗೆ ತಿಳಿಯದು. ಅದು ತಿಳಿದಿರುವುದು ಮೂಲೆಯ ಕಿರಾಣಿ ಅಂಗಡಿಯವನಿಗೆ, ಮಗ್ಗದ ಮುಕಾದಮನಿಗೆ, ಶಾಲೆಯ ಮಾಸ್ತರಿಗೆ.

ಎಪ್ಪತ್ತು ಸಮಿತಿಗಳು

1988ರಲ್ಲಿ ಸುರೇಶ್ ಖೋಪಡೆ ಎಂಬವರು ಭಿವಂಡಿಗೆ ಉಪ ಪೋಲೀಸ್ ಆಯುಕ್ತರಾಗಿ ಬಂದರು. ಅವರು ಹಿಂದಿನ ದಂಗೆಗಳನ್ನು ಅಭ್ಯಾಸ ಮಾಡಿ, ಲಾಠಿಯ ಬಲವೊಂದರಿಂದಲೇ ಈ ಊರನ್ನು ಕಾಯಲಾಗದು ಎಂಬ ನಿಶ್ಚಯಕ್ಕೆ ಬಂದರು. ಊರನ್ನು ಮೊಹಲ್ಲಾಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಸಮಿತಿ ರಚಿಸಲಾಯಿತು. ಇಂತಹ ಸುಮಾರು 70 ಸಮಿತಿಗಳು ಕೆಲಸಕ್ಕೆ ತೊಡಗಿದುವು.

ಈ ಸಮಿತಿಗಳ ರಚನೆಯಲ್ಲಿಯೇ ಅವುಗಳ ಯಶಸ್ಸಿನ ಗುಟ್ಟು ಇತ್ತು. ಹಿಂದೂ ಮುಸಲ್ಮಾನರಿಬ್ಬರೂ ಸಮಸಂಖ್ಯೆಯಲ್ಲಿ ಇರಬೇಕು. ರಾಜಕಾರಣಿಗಳೂ ಗೂಂಡಾಗಿರಿಯ ಹೆಸರಿದ್ದವರೂ ಬೇಡ, ಸಾಮಾನ್ಯ ನಿವಾಸಿಗಳೇ ಬೇಕು. ಪ್ರತಿ ಸಮಿತಿಯೊಡನೆ ಪೋಲೀಸ್ ಇಲಾಖೆಯವರೊಬ್ಬರು ಸಂಪರ್ಕವಿಟ್ಟುಕೊಂಡಿರಬೇಕು. ಎಲ್ಲಕ್ಕೂ ಮುಖ್ಯವಾದುದು, ಗಲಭೆಯಿರಲಿ ಬಿಡಲಿ, ಸಭೆಗಳು ನಿಯಮಿತವಾಗಿ ನಡೆಯಬೇಕು.

ನೆರೆಕರೆಯ ತಂಟೆ ತಕರಾರುಗಳು, ಹಬ್ಬದ ಮೆರವಣಿಗೆಯ ದಾರಿ, ಹುಡುಗರ ಹೊಡೆದಾಟ ಇಂತಹವು ಚಿಕ್ಕ ವಿಷಯಗಳಂತೆ ಕಾಣುತ್ತವೆ. ಕಡ್ಡಿ ಗುಡ್ಡವಾಗುವುದು ಇಂತಹವುಗಳಿಂದಲೇ. ಅವನ್ನು ಕಡ್ಡಿಯಾಗಿರುವಾಗಲೇ ಮುರಿಯುವುದು ಸಮಿತಿಗಳಿಂದ ಸಾಧ್ಯವಾಯಿತು. ಇದರಿಂದ ಪೋಲೀಸರಿಗೆ ಊರಿನ ನಾಡಿ ತಿಳಿಯಿತು. ಜನರಿಗೆ ಪೋಲೀಸರ ಮುಖಗಳು ಪರಿಚಯವಾದುವು. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಒಂದೇ ಬೀದಿಯಲ್ಲಿದ್ದೂ ಒಬ್ಬರ ಹೆಸರು ಒಬ್ಬರಿಗೆ ತಿಳಿಯದ ಹಿಂದೂ ಮುಸಲ್ಮಾನ ನೆರೆಯವರು ಒಂದೇ ಚಾಪೆಯ ಮೇಲೆ ಕುಳಿತು ಪರಸ್ಪರ ಪರಿಚಿತರಾದರು. ವದಂತಿ ಹುಟ್ಟಿದಾಗ ನಿಜವನ್ನು ಯಾರಲ್ಲಿ ಕೇಳಬೇಕೆಂಬುದು ಎರಡೂ ಕಡೆಯವರಿಗೆ ಗೊತ್ತಾಯಿತು.

ಪರೀಕ್ಷೆ ಬಂದುದು 1992ರ ಡಿಸೆಂಬರ್ 6ರ ಬಳಿಕ. ಆ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬಯಿ ಹೊತ್ತಿ ಉರಿಯಿತು. ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗದ ವರದಿಯಂತೆ 900 ಜನ ಸತ್ತರು. ಅಂಗಡಿ ಮುಚ್ಚಿ, ಹೋಟೆಲಿನ ಹುಡುಗರನ್ನು ಊರಿಗೆ ಕಳುಹಿಸಿದ ಆ ದಿನಗಳನ್ನು ನಮ್ಮಲ್ಲಿ ಹಿರಿಯರು ಇಂದಿಗೂ ಮರೆತಿಲ್ಲ. ಮೊದಲು ಹೊತ್ತುವ ಊರು ಭಿವಂಡಿಯೇ ಎಂದು ಎಲ್ಲರೂ ಅಂಜಿದ್ದರು. ಭಿವಂಡಿ ಹೊತ್ತಲಿಲ್ಲ. ಆ ವೇಳೆಗೆ ಖೋಪಡೆಯವರಿಗೆ ವರ್ಗವಾಗಿತ್ತು. ಅವರ ಸ್ಥಾನಕ್ಕೆ ಬಂದ ಗುಲಾಬರಾವ್ ಪೋಳ್ ಅವರು ಅದೇ ಸಮಿತಿಗಳನ್ನು ಮುಂದುವರಿಸಿ ಆ ವಿಷಗಳಿಗೆಯಲ್ಲಿ ಊರನ್ನು ಕಾಪಾಡಿದರು. ವ್ಯಕ್ತಿ ಬದಲಾದರೂ ವ್ಯವಸ್ಥೆ ನಿಂತಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಈ ಪ್ರಯೋಗ ಲೋಕದ ಗಮನ ಸೆಳೆಯಿತು. ಭಾರತದ ಕೋಮುಗಲಭೆಗಳ ಕುರಿತು 2002ರಲ್ಲಿ ಗ್ರಂಥ ಬರೆದ ವಿದ್ವಾಂಸ ಆಶುತೋಷ್ ವಾರ್ಷ್ಣೇಯ ಅವರು ಭಿವಂಡಿಯನ್ನು ಒಂದು ಮುಖ್ಯ ಉದಾಹರಣೆಯಾಗಿ ಚರ್ಚಿಸಿದ್ದಾರೆ. ಮುಂಬಯಿಯಲ್ಲಿಯೂ ದಂಗೆಯ ನಂತರ ಜೂಲಿಯೋ ರಿಬೇರೋ, ಅಂದಿನ ಪೋಲೀಸ್ ಆಯುಕ್ತ ಸತೀಶ್ ಸಾಹನಿ, ಸುಶೋಭಾ ಬರ್ವೆ ಮುಂತಾದವರು ಸೇರಿ ಮೊಹಲ್ಲಾ ಸಮಿತಿಗಳ ಚಳವಳಿಯನ್ನು ಆರಂಭಿಸಿದರು.

ಹಾಗೆಂದು ಸಮಿತಿ ಎಂಬುದು ಒಮ್ಮೆ ಹಾಕಿಸಿಕೊಂಡರೆ ಜೀವಮಾನವಿಡೀ ಕಾಯುವ ಲಸಿಕೆಯಲ್ಲ. 2006ರ ಜುಲೈ 5ರಂದು ಅದೇ ಭಿವಂಡಿಯಲ್ಲಿ, ಕಬರಸ್ತಾನದ ಬಳಿ ಪೋಲೀಸ್ ಠಾಣೆ ಕಟ್ಟುವ ಜಾಗದ ವಿಷಯದಲ್ಲಿ ಗಲಭೆಯಾಗಿ, ಗೋಲೀಬಾರಿನಲ್ಲಿ ಇಬ್ಬರೂ ಗುಂಪಿನ ಕೈಗೆ ಸಿಕ್ಕ ಇಬ್ಬರು ಪೋಲೀಸರೂ ಪ್ರಾಣ ಕಳಕೊಂಡರು. ವಿವಾದ ಎದ್ದುದು ಠಾಣೆಯ ಕಟ್ಟಡಕ್ಕಾಗಿಯೇ ಎಂಬುದು ಯೋಚಿಸಬೇಕಾದ ಸಂಗತಿ. ದಿನವೂ ನೀರೆರೆಯದ ಗಿಡ ಬಾಡಲು ಎಷ್ಟು ಹೊತ್ತು ಬೇಕು?

ಕಾರ್ಖಾನೆಯ ನೆರೆಯಲ್ಲಿ

ದಂಗೆ ಮನುಷ್ಯರ ಮನಸ್ಸಿನಿಂದ ಹುಟ್ಟುವ ಆಪತ್ತು. ನಮ್ಮ ಈ ಪ್ರದೇಶಕ್ಕೆ ಇನ್ನೊಂದು ಬಗೆಯ ಆಪತ್ತೂ ಗಂಟು ಬಿದ್ದಿದೆ. ಅದು ಡ್ರಮ್ಮುಗಳಲ್ಲಿ, ರಿಯಾಕ್ಟರುಗಳಲ್ಲಿ ಕುಳಿತಿರುತ್ತದೆ. ಅಲ್ಲಿಯೂ ಭಿವಂಡಿಯ ಪ್ರಶ್ನೆಯೇ ಏಳುತ್ತದೆ: ಕಾಯುವವರಿಗೆ ಗಲ್ಲಿಯ ಪರಿಚಯವಿದೆಯೇ?

ಎಂ.ಐ.ಡಿ.ಸಿ. ಸ್ಥಾಪನೆಯಾದುದು 1962ರಲ್ಲಿ. ಥಾಣೆ-ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿಯೂ ಡೊಂಬಿವಲಿಯಲ್ಲಿಯೂ ಆ ದಶಕದಲ್ಲಿಯೇ ಕಾರ್ಖಾನೆಗಳು ಎದ್ದುವು. ನವಿಮುಂಬಯಿಯನ್ನು ಕಟ್ಟಿದ ಸಿಡ್ಕೋ ಹುಟ್ಟಿದ್ದು ಅನಂತರ, 1970ರಲ್ಲಿ. ಎಂದರೆ ಅನೇಕ ಕಡೆ ಕಾರ್ಖಾನೆ ಮೊದಲು ಬಂತು, ಮನೆಗಳು ಆಮೇಲೆ ಬಂದುವು. ಸುತ್ತ ಭತ್ತದ ಗದ್ದೆಗಳಿದ್ದಾಗ ದೂರದಲ್ಲಿದ್ದ ಬಣ್ಣದ, ರಸಾಯನದ ಕಾರ್ಖಾನೆಗಳ ಬೇಲಿಯವರೆಗೂ ಇಂದು ವಸತಿಗಳು ಬೆಳೆದು ನಿಂತಿವೆ. ಆ ವಸತಿಗಳಲ್ಲಿ ನಮ್ಮವರೂ ಇದ್ದಾರೆ, ಆ ಕಾರ್ಖಾನೆಗಳ ಪಾಳಿಗಳಲ್ಲಿಯೂ ನಮ್ಮವರಿದ್ದಾರೆ.

ಇಂತಹ ನೆರೆಕರೆಯಲ್ಲಿ ಏನಾಗಬಹುದೆಂಬುದನ್ನು 1984ರ ಡಿಸೆಂಬರ್ 2ರ ರಾತ್ರಿ ಭೋಪಾಲ ತೋರಿಸಿತು. ಕಾರ್ಖಾನೆಯಿಂದ ಹೊರಟ ವಿಷಾನಿಲ ಯಾವುದೆಂದು ನೆರೆಯವರಿಗೆ ತಿಳಿದಿರಲಿಲ್ಲ. ಯಾವ ದಿಕ್ಕಿಗೆ ಓಡಬೇಕು, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿದರೆ ಎಷ್ಟೋ ಉಪಕಾರವೆಂಬುದನ್ನು ಯಾರೂ ಹೇಳಿರಲಿಲ್ಲ. ಆಸ್ಪತ್ರೆಯ ಡಾಕ್ಟರುಗಳಿಗೂ ಯಾವ ವಿಷಕ್ಕೆ ಔಷಧ ಕೊಡಬೇಕೆಂಬುದು ತಿಳಿಯದಾಯಿತು. ಸಾವಿರಾರು ಜನರನ್ನು ಕೊಂದದ್ದು ಅನಿಲ. ಆದರೆ ಅಜ್ಞಾನವೂ ಅದರೊಂದಿಗೆ ಕೈಜೋಡಿಸಿತ್ತು.

ಭೋಪಾಲದ ಆಘಾತದಿಂದ ದೂರದ ಅಮೆರಿಕ ಕೂಡ ಎಚ್ಚತ್ತು 1986ರಲ್ಲಿ, ನೆರೆಕರೆಯವರಿಗೆ ಅಪಾಯದ ಮಾಹಿತಿ ಪಡೆಯುವ ಹಕ್ಕು ನೀಡುವ, ಊರೂರಿಗೆ ಸಮಿತಿ ರಚಿಸುವ ಕಾನೂನು ಮಾಡಿತು. 1988ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು ಸ್ಥಳೀಯ ಮಟ್ಟದ ಸನ್ನದ್ಧತೆಗಾಗಿ ‘ಅಪೆಲ್’ ಎಂಬ ಕಾರ್ಯಕ್ರಮ ಹೊರತಂದಿತು. ನಮ್ಮ ದೇಶದಲ್ಲಿ 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಯಿತು. 1989ರಲ್ಲಿ ಅಪಾಯಕಾರಿ ರಸಾಯನಗಳ ನಿಯಮಗಳೂ, 1996ರಲ್ಲಿ ರಾಸಾಯನಿಕ ಅಪಘಾತಗಳ ಸನ್ನದ್ಧತೆಯ ನಿಯಮಗಳೂ ಬಂದುವು.

ಈ 1996ರ ನಿಯಮಗಳನ್ನು ನಮ್ಮ ವಾಚಕರು ಅವಶ್ಯವಾಗಿ ತಿಳಿದಿರಬೇಕು. ಕೇಂದ್ರ, ರಾಜ್ಯ, ಜಿಲ್ಲೆ ಎಂಬ ಮೂರು ಮೆಟ್ಟಿಲುಗಳ ಕೆಳಗೆ, ಕೈಗಾರಿಕಾ ಪ್ರದೇಶದ ಮಟ್ಟದಲ್ಲಿ, ಒಂದು ‘ಸ್ಥಳೀಯ ಸಂಕಟ ಸಮಿತಿ’ ಇರಬೇಕೆಂದು ಅವು ವಿಧಿಸುತ್ತವೆ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಫ್ಯಾಕ್ಟರಿ ಇನ್ಸ್‌ಪೆಕ್ಟರು ಕಾರ್ಯದರ್ಶಿ. ಅಗ್ನಿಶಾಮಕ ಅಧಿಕಾರಿ, ಠಾಣಾಧಿಕಾರಿ, ಕಾರ್ಖಾನೆಗಳ ಪ್ರತಿನಿಧಿಗಳು ಇರಲೇಬೇಕು. ಅವರ ಜತೆಗೆ ಸ್ಥಳೀಯ ಪತ್ರಿಕೆಯ ಸಂಪಾದಕರೊಬ್ಬರು, ಆ ಪ್ರದೇಶದ ಇಬ್ಬರು ಡಾಕ್ಟರರು, ಇಬ್ಬರು ಸಮಾಜಸೇವಕರು, ಒಬ್ಬ ಜನನಾಯಕ, ಸ್ವಯಂಸೇವಾ ಸಂಸ್ಥೆಯ ಒಬ್ಬ ಪ್ರತಿನಿಧಿ ಇವರಿಗೂ ಅಲ್ಲಿ ಸ್ಥಾನವಿದೆ. ಸಮಿತಿ ತಿಂಗಳಿಗೊಮ್ಮೆ ಸೇರಬೇಕು, ಆರು ತಿಂಗಳಿಗೊಮ್ಮೆಯಾದರೂ ಪೂರ್ಣಪ್ರಮಾಣದ ಅಣಕು ತಾಲೀಮು ನಡೆಸಬೇಕು, ಸುತ್ತಲಿನ ಜನರಿಗೆ ತಿಳಿವಳಿಕೆ ಕೊಡಬೇಕು, ಸಾರ್ವಜನಿಕರು ಕೇಳಿದ ಪ್ರಶ್ನೆಗಳಿಗೆ ಉತ್ತರಿಸಬೇಕು.

ಭಿವಂಡಿಯ ಸಮಿತಿಗಳಿಗೆ ಕಾನೂನಿನ ಆಧಾರವಿರಲಿಲ್ಲ, ಒಬ್ಬ ಅಧಿಕಾರಿಯ ದೂರದೃಷ್ಟಿಯೇ ಆಧಾರ. ಈ ಸಮಿತಿಗಾದರೋ ಕಾನೂನೇ ಬೆನ್ನಿಗಿದೆ.

ಹಾಗಿದ್ದೂ 2016ರ ಮೇ 26ರಂದು ಡೊಂಬಿವಲಿಯ ಪ್ರೋಬೇಸ್ ಕಾರ್ಖಾನೆ ಸಿಡಿದಾಗ, ಸುತ್ತ ಬಹುದೂರದವರೆಗೆ ಕಿಟಕಿ ಗಾಜುಗಳು ಒಡೆದು ಬಿದ್ದಾಗ, ಬೀದಿಗೆ ಓಡಿ ಬಂದ ಎಷ್ಟು ಮನೆಯವರಿಗೆ ಅಲ್ಲಿ ಏನು ತಯಾರಾಗುತ್ತಿತ್ತೆಂಬುದು ಗೊತ್ತಿತ್ತು? ಹನ್ನೆರಡು ಜನ ಸತ್ತರು, ನೂರೈವತ್ತಕ್ಕೂ ಮಿಕ್ಕಿ ಗಾಯಗೊಂಡರು. ಎಂಟು ವರ್ಷಗಳ ಬಳಿಕ, 2024ರ ಮೇ 23ರ ಮಧ್ಯಾಹ್ನ, ಅದೇ ಡೊಂಬಿವಲಿಯಲ್ಲಿ ಅಮುದಾನ್ ಕೆಮಿಕಲ್ಸ್ ಕಾರ್ಖಾನೆಯ ಸ್ಫೋಟದಲ್ಲಿ ಮತ್ತೆ ಹತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಮೊದಲು ಬಾಯ್ಲರು ಸಿಡಿಯಿತೆಂದರು, ಅನಂತರ ರಿಯಾಕ್ಟರೆಂದರು. ಅಪಾಯಕಾರಿ ಕಾರ್ಖಾನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ಎರಡೂ ಸಲ ಬಂತು. ಆ ನಿರ್ಣಯ ಸರಕಾರಕ್ಕೆ ಸೇರಿದ್ದು. ಕಾರ್ಖಾನೆ ಹೋಗುವವರೆಗೆ ಅದರ ನೆರೆಯಲ್ಲಿ ಮಲಗುವವರು ಏನು ಮಾಡಬೇಕೆಂಬುದು ಮಾತ್ರ ನಮಗೆ ಸೇರಿದ್ದು.

ನೀರಿನ ವಿಷಯವೂ ಇದೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಲ್ಯಾಣ, ಬದಲಾಪುರಗಳೂ ಮುಳುಗಿದ್ದನ್ನು ಕಂಡವರು ನಮ್ಮಲ್ಲಿದ್ದಾರೆ. ಅದೇ ವರ್ಷದ ಕೊನೆಗೆ ದೇಶಕ್ಕೆ ವಿಪತ್ತು ನಿರ್ವಹಣಾ ಕಾಯಿದೆ ಬಂತು. 2019ರ ಜುಲೈ 27ರಂದು ಬದಲಾಪುರ-ವಾಂಗಣಿಗಳ ನಡುವೆ ನೆರೆನೀರಿನಲ್ಲಿ ಸಿಕ್ಕಿಬಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನ ಸಾವಿರಕ್ಕೂ ಮಿಕ್ಕ ಪ್ರಯಾಣಿಕರನ್ನು ರಕ್ಷಣಾ ದಳಗಳು ದೋಣಿಗಳಲ್ಲಿ ಸಾಗಿಸಿದಾಗ, ಸಮೀಪದ ಹಳ್ಳಿಯವರೂ ನೆರವಿಗೆ ಬಂದಿದ್ದರು. ಎಲ್ಲಿ ನೆಲ ಗಟ್ಟಿ, ಎಲ್ಲಿ ಹಳ್ಳ ಎಂಬುದನ್ನು ಆ ಊರಿನವರಷ್ಟು ಬಲ್ಲವರು ಯಾರು?

ನಮ್ಮ ಪಾಲಿನ ಕರ್ತವ್ಯ

ನಮ್ಮ ಜನರಲ್ಲಿ ಒಂದು ಹಳೆಯ ಅಭ್ಯಾಸವಿದೆ. “ಊರ ಉಸಾಬರಿ ನಮಗೇಕೆ? ನಾವು ಹೊರಗಿನಿಂದ ಬಂದವರು, ನಮ್ಮ ಪಾಡಿಗೆ ನಾವಿರೋಣ” ಎಂಬುದು. ಮೊದಲ ತಲೆಮಾರಿನವರು ಹಾಗೆಂದುದರಲ್ಲಿ ತಪ್ಪಿಲ್ಲ. ನೆಲೆ ಸಿಗದವನಿಗೆ ಹಿಂಜರಿಕೆ ಸಹಜ. ಆದರೆ ಮಕ್ಕಳು ಮೊಮ್ಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆದ ಮೇಲೆ ಇದು ಯಾರ ಊರು? ಗಾಳಿ ಮನೆಯವರ ಮಾತೃಭಾಷೆ ಕೇಳಿ ಬೀಸುವುದಿಲ್ಲ.

ಇದಲ್ಲದೆ, ನಾವು ಹೇಳದಿದ್ದರೆ ಬೇರೆ ಯಾರೂ ಹೇಳಲಾರದ ಸಂಗತಿಗಳಿವೆ. ಹೋಟೆಲುಗಳಲ್ಲಿ ದುಡಿಯುವ ಹುಡುಗರು ರಾತ್ರಿ ಅಟ್ಟದ ಮೇಲೆ, ಅಡಿಗೆಮನೆಯ ಪಕ್ಕದಲ್ಲಿ ಮಲಗುತ್ತಾರೆ. ಬೆಂಕಿ ಬಿದ್ದರೆ ಮುಚ್ಚಿದ ಬಾಗಿಲಿನೊಳಗೆ ಜನರಿದ್ದಾರೆಂದು ಹೊರಗಿನವರಿಗೆ ತಿಳಿಯದು. ಮಗ ಸೊಸೆ ಇಬ್ಬರೂ ನೌಕರಿಗೆ ಹೋದ ಮೇಲೆ, ಊರಿನಿಂದ ಬಂದ ವೃದ್ಧ ತಾಯಂದಿರು ಮನೆಯಲ್ಲಿ ಒಂಟಿಯಾಗಿರುತ್ತಾರೆ. ಅವರಿಗೆ ಕನ್ನಡವೋ ತುಳುವೋ ಬಿಟ್ಟರೆ ಬೇರೆ ನುಡಿ ಬಾರದು. ಧ್ವನಿವರ್ಧಕದಲ್ಲಿ ಮರಾಠಿಯಲ್ಲಿ “ಮನೆ ಖಾಲಿ ಮಾಡಿ” ಎಂದು ಕೂಗಿದರೆ ಅವರಿಗೆ ಅರ್ಥವಾದೀತೇ? ಇಂತಹ ಸಂಗತಿಗಳು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ.

1996ರ ನಿಯಮ ಡಾಕ್ಟರರನ್ನು, ಸಮಾಜಸೇವಕರನ್ನು, ಪತ್ರಿಕೆಯವರನ್ನು ಕೇಳುತ್ತದೆ. ಈ ಮೂರು ವರ್ಗದವರೂ ನಮ್ಮ ಸಂಘಗಳಲ್ಲಿ ಇದ್ದಾರೆ. ನಮ್ಮ ಸಂಘ ಸಂಸ್ಥೆಗಳು ಯಕ್ಷಗಾನ, ನಾಟಕ, ರಾಜ್ಯೋತ್ಸವಗಳನ್ನು ಅಚ್ಚುಕಟ್ಟಾಗಿ ನಡೆಸಿ ಹೆಸರು ಪಡೆದಿವೆ. ಆ ಸಂಘಟನೆಯ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಇತ್ತ ಹರಿದರೂ ಸಾಕು. ಉಪವಿಭಾಗಾಧಿಕಾರಿಗಳಿಗೆ ಸಂಘದ ಪರವಾಗಿ ಪತ್ರ ಬರೆದು, ನಮ್ಮ ಪ್ರದೇಶದ ಸ್ಥಳೀಯ ಸಂಕಟ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ಸಭೆ ಎಂದು ನಡೆಯಿತು, ಮುಂದಿನ ತಾಲೀಮು ಎಂದು, ಎಂಬ ಮೂರು ಪ್ರಶ್ನೆಗಳನ್ನು ಕೇಳಬಹುದು. ಸೇವೆಗೆ ಸಿದ್ಧರಿರುವ ಇಬ್ಬರು ಮೂವರ ಹೆಸರನ್ನೂ ಅದೇ ಪತ್ರದಲ್ಲಿ ಸೂಚಿಸಬಹುದು. ಪ್ರತಿಯೊಂದು ಸೊಸೈಟಿಯಲ್ಲಿ ಒಂಟಿ ವೃದ್ಧರ, ಹಾಸಿಗೆ ಹಿಡಿದವರ ಪಟ್ಟಿಯನ್ನು ಕಾರ್ಯದರ್ಶಿಯ ಬಳಿ ಇಡಬಹುದು. ಮಳೆಗಾಲಕ್ಕೆ ಮುಂಚೆ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರನ್ನು ಸಂಘಕ್ಕೆ ಕರೆದು ಅವರ ಮಾತು ಕೇಳಬಹುದು, ನಮ್ಮ ಮಾತನ್ನೂ ಅವರಿಗೆ ಹೇಳಬಹುದು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಡ. ಬೇಕಾದುದು ತಿಂಗಳಿಗೆ ಒಂದು ಸಂಜೆ, ಮತ್ತು ಏನೂ ಆಗದ ದಿನಗಳಲ್ಲಿಯೂ ಸಭೆಗೆ ಹೋಗುವ ತಾಳ್ಮೆ. ಭಿವಂಡಿಯ ಅಂಗಡಿಯವರೂ ಮಾಸ್ತರರೂ ಮಗ್ಗದವರೂ 1988ರಿಂದ ನಾಲ್ಕು ವರ್ಷ ಅಂತಹ ಸಪ್ಪೆ ಸಭೆಗಳಲ್ಲಿ ಕುಳಿತಿದ್ದರು. 1992ರ ಡಿಸೆಂಬರಿನಲ್ಲಿ ಅವರ ಬೀದಿಗಳಲ್ಲಿ ದಂಗೆ ಹೊತ್ತಲಿಲ್ಲ.